ಒನಕೆ ವಾಪಸ್ ಕೇಳಿದ ಅಜ್ಜಿ

ಮಾತಾಡೋಕೆ ನಾಚಿಕೆ ಅಂತಲೇ ನಾನು ಮ್ಯೂಸಿಯಂ ಕೆಲಸ ಹುಡುಕಿಕೊಂಡಿದ್ದು. ವಸ್ತುಗಳು ಸುಮ್ಮನಿರುತ್ತವೆ, ಜನ ಪಿಸುಮಾತಲ್ಲಿರುತ್ತಾರೆ, ಎ.ಸಿ. ಇರುತ್ತದೆ ಅಂದುಕೊಂಡಿದ್ದೆ. ಎ.ಸಿ. ಇದೆ. ಮಿಕ್ಕಿದ್ದೆಲ್ಲ ಸುಳ್ಳು. ಬೆಳಿಗ್ಗೆ ಒಂದು ಪ್ರಸಂಗ ನಡೆದರೆ, ಸಂಜೆ ಮನೆಗೆ ಹೋಗಿ ಅಮ್ಮನಿಗೆ ಅದನ್ನು ಹೇಳುವ ಮೊದಲೇ ಇನ್ನೆರಡು ಆಗಿರುತ್ತವೆ.

ಇಲ್ಲಿ ಬರೆದಿರುವುದೆಲ್ಲ ನನ್ನ ಮೊಟ್ಟಮೊದಲ ಪ್ರದರ್ಶನದ ಸುತ್ತ ನಡೆದದ್ದು. ಯಲಹಂಕದ ಒಂದು ಸಣ್ಣ ಮ್ಯೂಸಿಯಂ ನಮ್ಮದು. ಸುತ್ತಲಿನ ಹಳೇ ಊರುಗಳ ಮನೆಗಳಿಂದ ಕುಟ್ಟುವ, ಬೀಸುವ, ಕೇರುವ ಸಾಮಾನುಗಳನ್ನು ತಂದು ಒಂದು ಹಾಲ್ ತುಂಬ ಜೋಡಿಸಬೇಕಿತ್ತು. ನಮ್ಮ ನಿರ್ದೇಶಕರು, ಅಂದರೆ ಸರ್, ಮೊದಲೇ ಹೇಳಿಬಿಟ್ಟಿದ್ದರು: "ಉದ್ಘಾಟನೆಗೆ ಟ್ರಸ್ಟಿನ ಅಧ್ಯಕ್ಷರೇ ಬರ್ತಾರೆ. ಅವರಿಗೆ ಇಷ್ಟ ಆದ್ರೆ ನೀನು ಪರ್ಮನೆಂಟ್. ಇಲ್ಲಾಂದ್ರೆ, ನೋಡಮ್ಮ, ನನ್ನ ಕೈಲಿಲ್ಲ." ಹಾಗಾಗಿ ಇವು ನಡೆಯುವಾಗ ಒಂದಕ್ಕೂ ನನಗೆ ನಗು ಬರಲಿಲ್ಲ. ಈಗ ನೆನೆಸಿಕೊಂಡರೆ ಬಸ್ಸಲ್ಲಿ ಒಬ್ಬಳೇ ನಗುತ್ತೇನೆ, ಪಕ್ಕದವರು ಸೀಟು ಬದಲಾಯಿಸುತ್ತಾರೆ.

ಹಾಗಂದ್ರೆ ಏನ್ ಕೆಲಸ?

ಆರ್.ಟಿ. ನಗರದಲ್ಲಿ ನಮ್ಮ ಮನೆಯ ಮೇಲಿನ ಮಹಡಿಯ ಆಂಟಿ ಮೆಟ್ಟಿಲ ಮೇಲೆ ನನ್ನನ್ನು ಹಿಡಿದುಕೊಂಡರು.

"ಏನೋ ಹೊಸ ಕೆಲಸ ಅಂತೆ?"

"ಹೂಂ ಆಂಟಿ. ಮ್ಯೂಸಿಯಂ ಇಂಟರ್‌ಪ್ರಿಟೇಷನ್."

"ಹಾಗಂದ್ರೆ?"

ನನಗೆ ಇಂಗ್ಲಿಷ್‌ನಲ್ಲಿ ನಾಲ್ಕು ಪುಟ ಬರೆಯಲು ಗೊತ್ತು. ಕನ್ನಡದಲ್ಲಿ, ಮೆಟ್ಟಿಲ ಮೇಲೆ, ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹೇಳಲು ಗೊತ್ತಿಲ್ಲ. "ಅದೇ ಆಂಟಿ, ವಸ್ತುಗಳನ್ನ ಹೇಗೆ ಇಡ್ಬೇಕು, ಲೈಟ್ ಎಲ್ಲಿಂದ ಬೀಳ್ಬೇಕು, ಪಕ್ಕದಲ್ಲಿ ಏನ್ ಬರೀಬೇಕು, ನೋಡೋಕೆ ಬಂದವ್ರಿಗೆ ಹೇಗೆ ಅರ್ಥ ಆಗ್ಬೇಕು..."

"ಯಾವ ವಸ್ತು? ರಾಜರ ಕತ್ತಿ, ಕಿರೀಟ?"

"ಇಲ್ಲ ಆಂಟಿ. ಒರಳು, ಒನಕೆ, ಬೀಸೋ ಕಲ್ಲು, ಮೊರ."

ಆಂಟಿ ನನ್ನನ್ನು ದಾಟಿ, ಬಾಗಿಲಲ್ಲಿ ನಿಂತಿದ್ದ ನಮ್ಮಮ್ಮನ ಕಡೆ ನೋಡಿ ಮರುಕದಿಂದ ಅಂದರು: "ಅಷ್ಟು ಖರ್ಚು ಮಾಡಿ ಇಂಗ್ಲಿಷ್ ಮೀಡಿಯಂ ಓದಿಸಿದ್ರಿ. ಒರಳುಕಲ್ಲಿನ ಮುಂದೆ ಕೂರೋಕೆ ನಮ್ಮನ್ನ ಓದಿಸ್ದೇನೇ ಕೂರಿಸಿದ್ರಲ್ಲ ಕಣ್ರೀ!"

ಹಾನಿಗೆ ಕಾರಣ

ಪ್ರದರ್ಶನದ ನಡುಮಧ್ಯದಲ್ಲಿ ಇಡಲು ಒಂದು ದೊಡ್ಡ ಒರಳು, ಅದಕ್ಕೆ ತಕ್ಕ ಒನಕೆ ಬೇಕಿತ್ತು. ಚಿಕ್ಕಜಾಲದ ಒಂದು ಹಳೇ ಮನೆತನದವರಲ್ಲಿ ಎರಡೂ ಸಿಕ್ಕವು. ಅವರ ಜಮೀನಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಬಿಲ್ಡಿಂಗು, ಅದರ ಕಾರ್ ಪಾರ್ಕಿಂಗಿನ ಮೂಲೆಯಲ್ಲಿ ಒರಳು. ಒನಕೆ ಮಾತ್ರ ಆ ಮನೆಯ ಅಜ್ಜಿಯ ಮಂಚದ ಪಕ್ಕದಲ್ಲೇ ಇತ್ತು. ನೋಡಿದ ಕೂಡಲೇ ಇದೇ ಬೇಕು ಅನ್ನಿಸಿತು! ಎರಡು ತಲೆಮಾರಿನ ಕೈ ಸವೆಸಿ ನಡು ಸಣ್ಣಗಾಗಿ ಹೊಳೆಯುತ್ತಿತ್ತು, ಬುಡಕ್ಕೆ ಕಬ್ಬಿಣದ ಬಳೆ.

ನಮ್ಮಲ್ಲಿ ಒಂದು ಪದ್ಧತಿ. ಯಾರ ಮನೆಯಿಂದ ವಸ್ತು ತಂದರೂ ಅದರ ಮೇಲಿರುವ ಪ್ರತಿ ಗೀರು, ಕಲೆ, ಸೀಳನ್ನೂ ಅಲ್ಲೇ ಒಂದು ಫಾರಂನಲ್ಲಿ ಬರೆದುಕೊಳ್ಳಬೇಕು. ನಾಳೆ ಯಾರೂ 'ನೀವೇ ಹಾಳು ಮಾಡಿದ್ರಿ' ಅನ್ನಬಾರದಲ್ಲ! ನಾನು ಬಿಳಿ ಕೈಗವಸು ಹಾಕಿಕೊಂಡು ಕೂತೆ.

"ಯಾಕಮ್ಮ, ಕೈಗೆ ಚಳಿಯಾ?" ಅಂದರು ಅಜ್ಜಿ.

ನಾನು ತಲೆಯಾಡಿಸಿದೆ. ಗೊತ್ತಿಲ್ಲದವರು ಏನು ಕೇಳಿದರೂ ಹೂಂ ಅಂತ ತಲೆಯಾಡಿಸುವುದು ನನ್ನ ಚಿಕ್ಕಂದಿನ ಕಾಯಿಲೆ.

"ಅಜ್ಜೀ, ಈ ಸೀಳು ಹೇಗಾಯ್ತು?"

"ಅದು ನಮ್ಮತ್ತೆ ಸಿಟ್ಟು."

"ಈ ತಗ್ಗು?"

"ಅದು ನನ್ ಸಿಟ್ಟು."

"ಕೆಳಗಡೆ ಸುಟ್ಟ ಕಲೆ ಇದೆಯಲ್ಲ?"

"ಒಂದ್ಸಲಿ ನಮ್ ಯಜಮಾನ್ರು ಇದನ್ನ ಒಲೆಗ್ ಆಕಕ್ಕೆ ಓಗಿದ್ರು. ನಾನ್ ಕಿತ್ಕೊಂಡೆ. ಆಮೇಲೆ ಇನ್ನೊಂದ್ ತಗ್ಗು ಬಿತ್ತು, ಅದು ಒನಕೆ ಮೇಲಲ್ಲ ಬಿಡು."

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು ಹೇಳಿದರು: "ನೋಡು ತಾಯಿ, ನಮ್ಮನೇಲಿ ಇಂಗೆ ಒಂದು ಪದ್ಧತಿ. ಯಾವ ಮದ್ವೆ ಆದ್ರೂ ಅರಿಶಿನ ಕುಟ್ಟೋ ಶಾಸ್ತ್ರ ಈ ಒನಕೇಲೇ ಆಗ್ಬೇಕು. ಮೊಮ್ಮಗಳಿಗೆ ಗಂಡು ನೋಡ್ತಾವ್ರೆ. ಗೊತ್ತಾದ್ರೆ ಬಂದು ತಗೊಂಡೋಯ್ತೀನಿ. ಆಯ್ತಾ?"

ನಾನು ತಲೆಯಾಡಿಸಿದೆ. ಈ ತಲೆಯಾಡಿಸಿದ್ದನ್ನು ಮಾತ್ರ ಫಾರಂನಲ್ಲಿ ಬರೆಯಲು ಮರೆತೆ.

ಮಾರನೇ ದಿನ ಸರ್ ಫಾರಂ ಓದುತ್ತ ಕನ್ನಡಕ ತೆಗೆದರು. "ಏನಮ್ಮ ಇದು? ಹಾನಿಗೆ ಕಾರಣ ಅಂತ ಇರೋ ಕಡೆ ತೇವ, ಗೆದ್ದಲು, ಸವೆತ ಅಂತ ಬರೀಬೇಕು. ನೀನು ಮೂರು ಕಡೆ 'ಸಂಸಾರ' ಅಂತ ಬರ್ದಿದೀಯಲ್ಲ?"

ಅದೇನು ತಪ್ಪು ಮಾಡಿದೆ

ಗ್ಯಾಲರಿಯ ಸೆಕ್ಯುರಿಟಿ ಅಂಕಲ್ ಅಬ್ಬಿಗೆರೆಯವರು. ಜೀವಮಾನವೆಲ್ಲ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಕೆಲಸ ಮಾಡಿ ನಮ್ಮಲ್ಲಿಗೆ ಬಂದವರು. ಲೇಬಲ್ ಬರೆದ ಮೇಲೆ ಅದನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು ನೋಡಬೇಕು ಅನ್ನುವುದು ನಮ್ಮ ಕಸುಬಿನ ನಿಯಮ. ನನಗೆ ಮಾತಾಡಿಸಲು ಧೈರ್ಯವಿದ್ದದ್ದು ಅವರೊಬ್ಬರನ್ನೇ.

ಒನಕೆಯ ಲೇಬಲ್ಲಿಗಾಗಿ ನಾನು ಎರಡು ನಿಘಂಟು ತಿರುವಿ, ಎರಡು ದಿನ ಒದ್ದಾಡಿದ್ದೆ. ಬರೆದದ್ದು ಹೀಗೆ: 'ಧಾನ್ಯಗಳ ಬಾಹ್ಯ ಕವಚವನ್ನು ಬೇರ್ಪಡಿಸಲು ಬಳಸಲಾಗುತ್ತಿದ್ದ ದಂಡಾಕೃತಿಯ ಪಾರಂಪರಿಕ ಗೃಹೋಪಕರಣ.' ಬರೆದು ಮುಗಿಸಿದಾಗ ನನ್ನ ಕನ್ನಡದ ಮೇಲೆ ನನಗೇ ಗೌರವ ಬಂದಿತ್ತು.

ಅಂಕಲ್ ಟೋಪಿ ತೆಗೆದು, ನಿಧಾನವಾಗಿ ಎರಡು ಸಲ ಓದಿದರು.

"ಮೇಡಂ, ಇದು ಯಾವ್ ದೇಶದ್ದು?"

"ಒನಕೆ ಅಂಕಲ್. ಅಲ್ಲಿದೆಯಲ್ಲ, ಅದೇ."

ಅಂಕಲ್ ಒಮ್ಮೆ ಒನಕೆ ನೋಡಿದರು, ಒಮ್ಮೆ ಲೇಬಲ್ ನೋಡಿದರು. "ಹಂಗಂತಲೇ ಬರೀರಿ ಮೇಡಂ," ಅಂದರು. "ಪಾಪ, ಅದೇನ್ ತಪ್ಪು ಮಾಡಿದೆ ಅಂತ ಎಫ್.ಐ.ಆರ್. ಥರ ಬರ್ದಿದೀರಿ?"

ಮುಟ್ಟಿದವರ ರಿಜಿಸ್ಟರ್

ಒಂದು ಮೂಲೆಯಲ್ಲಿ ರಾಗಿ ಬೀಸುವ ಕಲ್ಲಿಟ್ಟು, 'ದಯವಿಟ್ಟು ಮುಟ್ಟಿ, ತಿರುಗಿಸಿ ನೋಡಿ' ಅಂತ ದೊಡ್ಡ ಬೋರ್ಡು ಹಾಕಿದ್ದೆ. ಅದು ನನ್ನ ಹೆಮ್ಮೆಯ ಮೂಲೆ. ಉದ್ಘಾಟನೆಗೆ ಮೊದಲು ಬ್ಯಾಟರಾಯನಪುರದ ಒಂದು ಶಾಲೆಯ ಮಕ್ಕಳನ್ನು ಕರೆಸಿ ಪರೀಕ್ಷೆ ಮಾಡಿದೆವು.

ಮೊದಲ ಮಗು ಕೈ ಚಾಚಿತು. ಪೀಈಈಪ್! ಅಂಕಲ್ ಸೀಟಿ.

"ಅಂಕಲ್, ಬೋರ್ಡಲ್ಲಿ ಮುಟ್ಟಿ ಅಂತಲೇ ಇದೆ!"

"ಬೋರ್ಡ್ ಬಂದವ್ರಿಗೆ ಮೇಡಂ. ನನ್ನ ಡ್ಯೂಟಿ ಬೇರೆ."

"ಮುಟ್ಟಿದ್ರೇನೇ ಅವ್ರಿಗೆ ಅರ್ಥ ಆಗೋದು."

"ಎಲ್ರಿಗೂ ಅರ್ಥ ಆಗ್ಬಿಟ್ರೆ ಕಲ್ಲು ಉಳಿಯುತ್ತಾ ಮೇಡಂ?"

ನನಗೆ ವಾದ ಬರುವುದಿಲ್ಲ. ಬೋರ್ಡನ್ನೇ ಇನ್ನೊಂದು ಸಲ ಅವರ ಕಡೆ ತಿರುಗಿಸಿ ಇಟ್ಟೆ. ಅಂಕಲ್‌ಗೆ ಕನಿಕರ ಬಂದು, ಒಂದು ರಾಜಿ ಸೂತ್ರ ಕಂಡುಹಿಡಿದರು. ಸಂಜೆ ಹೋಗಿ ನೋಡುತ್ತೇನೆ, ಬೀಸುವ ಕಲ್ಲಿನ ಪಕ್ಕ ಒಂದು ಟೇಬಲ್ಲು, ದಾರ ಕಟ್ಟಿದ ಪೆನ್ನು, ಒಂದು ರಿಜಿಸ್ಟರ್. ಹೆಸರು, ಎಲ್ಲಿಂದ ಬಂದದ್ದು, ಮುಟ್ಟಿದ ಸಮಯ, ಬಿಟ್ಟ ಸಮಯ, ಮುಟ್ಟಿದ ಉದ್ದೇಶ, ಸಹಿ. ನಲವತ್ತು ಮಕ್ಕಳೂ ಸಾಲಾಗಿ ತುಂಬಿದ್ದರು.

ಸಂದರ್ಶಕರ ಅಭಿಪ್ರಾಯ ಸಂಗ್ರಹಿಸುವುದು ಹೇಗೆ ಅಂತ ನಾನು ಒಂದು ಇಡೀ ಸೆಮಿಸ್ಟರ್ ಓದಿದ್ದೇನೆ. ಆದರೆ ಮೂರನೇ ಕ್ಲಾಸಿನ ಹುಡುಗಿ 'ಮುಟ್ಟಿದ ಉದ್ದೇಶ'ದ ಮುಂದೆ ಬರೆದದ್ದಕ್ಕಿಂತ ಪ್ರಾಮಾಣಿಕ ಉತ್ತರ ಇದುವರೆಗೆ ನೋಡಿಲ್ಲ: 'ಸುಮ್ನೆ.'

ಶುಕ್ರವಾರ ಹತ್ತೂವರೆಯೊಳಗೆ

ಉದ್ಘಾಟನೆ ಶುಕ್ರವಾರ ಹತ್ತು ಗಂಟೆಗೆ. ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಮೊದಲೇ ದೀಪ ಹಚ್ಚಬೇಕು ಅಂತ ಅಧ್ಯಕ್ಷರೇ ಹೇಳಿದ್ದರು. ಹಾಲ್ ನಡುವೆ ಸಿಮೆಂಟಿನ ಗಿಡ್ಡ ಕಟ್ಟೆ, ಅದರ ಮೇಲೆ ಒರಳು, ಹಿಂದಿನ ಕಂಬಕ್ಕೆ ಆರು ಸ್ಕ್ರೂ ಹಾಕಿ ನಿಲ್ಲಿಸಿದ ಒನಕೆ, ಸುತ್ತ ಹಗ್ಗ, ಮೇಲಿಂದ ಒಂದೇ ಒಂದು ಲೈಟು. ಆಹಾ! ಬೆಳಿಗ್ಗೆಯಿಂದ ಹತ್ತು ಸಲ ಹೋಗಿ ನೋಡಿ ಬಂದಿದ್ದೆ.

ಒಂಬತ್ತು ಮುಕ್ಕಾಲಿಗೆ ಗೇಟಿನಲ್ಲಿ ಒಂದು ದೊಡ್ಡ ಕಾರು ನಿಂತಿತು. ಅಜ್ಜಿ ಇಳಿದರು. ಹಿಂದೆಯೇ ರೇಷ್ಮೆ ಸೀರೆಯ ಐವರು ಹೆಂಗಸರು. ಅವರ ಹಿಂದೆ ತಲೆತುಂಬ ಮಲ್ಲಿಗೆ ಮುಡಿದ ಮೊಮ್ಮಗಳು.

"ಗಂಡು ಗೊತ್ತಾಯ್ತು ತಾಯಿ. ಭಾನ್ವಾರ ಮದ್ವೆ. ಒನಕೆ ಕೊಡು," ಅಂದರು ಅಜ್ಜಿ.

"ಇವತ್ತಾ?"

"ನಮ್ ಸೊಸೆ ಅಂಗಡಿಯಿಂದ ಹೊಸಾದು ತಂದಿದ್ಲು. ಬೆಳಿಗ್ಗೆ ನೋಡ್ತೀನಿ, ಒನಕೆನಾ ಅದು? ಕ್ರಿಕೆಟ್ ಬ್ಯಾಟು! ಅತ್ತೂವರೆ ಒಳಗೆ ಶಾಸ್ತ್ರ ಆಗ್ಬೇಕು. ಅದಕ್ಕೇ ಅರಿಶಿನ, ಮಾವಿನೆಲೆ ಸಮೇತ ಎಲ್ರುನೂ ಗಾಡೀಲಿ ತುಂಬ್ಕೊಂಡ್ ಬಂದೆ."

ಅಷ್ಟರಲ್ಲಿ ಅಜ್ಜಿ ಹಗ್ಗ ದಾಟಿ ಆಗಿತ್ತು. ಪೀಈಈಪ್!

"ಅಜ್ಜೀ, ಮುಟ್ಬಾರ್ದು!" ಅಂದರು ಅಂಕಲ್.

"ಲೋ, ಮದ್ವೆಯಾಗಿ ಬಂದಾಗ್ನಿಂದ ಮುಟ್ತಾ ಇವ್ನಿ. ಒನಕೆಗಿಲ್ದ ನೋವು ನಿಂಗೇನೋ?"

ನಾನು ಗಡಿಯಾರ ನೋಡಿದೆ. ಒನಕೆ ಕೊಟ್ಟರೆ ಅಧ್ಯಕ್ಷರ ಮುಂದೆ ಖಾಲಿ ಕಂಬ, ನನ್ನ ಕೆಲಸಕ್ಕೆ ಕೈಮುಗಿಯಬೇಕು. ಕೊಡದಿದ್ದರೆ ಒಂದು ಮದುವೆಯ ಶಾಸ್ತ್ರ ನಿಲ್ಲುತ್ತದೆ, ಅದೂ ನಾನು ತಲೆಯಾಡಿಸಿ ಒಪ್ಪಿಕೊಂಡ ಮಾತು. ಕೊಟ್ಟರೂ, ಸ್ಕ್ರೂ ಬಿಚ್ಚಿ, ಚಿಕ್ಕಜಾಲಕ್ಕೆ ಹೋಗಿ, ಹತ್ತೂವರೆಯೊಳಗೆ ಕುಟ್ಟಲು ಆಗುವುದಿಲ್ಲ. ಸಾಲದ್ದಕ್ಕೆ ಒರಳೂ ನಮ್ಮಲ್ಲೇ ಇದೆ.

ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ನಾನು ಮಾತಾಡಿರಲಿಲ್ಲ. "ಅಜ್ಜೀ! ಇಲ್ಲೇ ಕುಟ್ಟಿ!"

ಅಜ್ಜಿ ಒಮ್ಮೆ ಒರಳು ನೋಡಿದರು, ಮೇಲಿನ ಲೈಟು ನೋಡಿದರು. "ನಮ್ಮ ಪಾರ್ಕಿಂಗ್‌ಗಿಂತ ಇಲ್ಲೇ ಚೆನ್ನಾಗೈತೆ. ನಡೀರೇ!"

ಅಂಕಲ್ ಕಡೆ ತಿರುಗಿದೆ. ಅವರು ಸ್ಕ್ರೂಡ್ರೈವರ್ ತರುವ ಮೊದಲು ಒಂದೇ ಮಾತು ಕೇಳಿದರು: "ಮೇಡಂ, ಐದು ಜನಾನೂ ರಿಜಿಸ್ಟರಲ್ಲಿ ಬರೀಬೇಕಾ?"

ಹತ್ತು ನಿಮಿಷದಲ್ಲಿ ಒನಕೆಗೆ ಮಾವಿನೆಲೆ ಕಟ್ಟಿ, ಒರಳಿಗೆ ಕುಂಕುಮ ಇಟ್ಟು, ಅರಿಶಿನದ ಕೊಂಬು ಸುರಿದು, ಐದೂ ಮುತ್ತೈದೆಯರು ಸೋಬಾನೆ ಹಾಡುತ್ತ ಕುಟ್ಟಲು ಶುರುಮಾಡಿದರು. ಧಬ್, ಧಬ್! ಎ.ಸಿ.ಯ ಗಾಳಿ ಅರಿಶಿನದ ಪುಡಿಯನ್ನು ಗ್ಯಾಲರಿಯ ತುಂಬ ಹಾರಿಸಿತು. ನನ್ನ ಬಿಳಿ ಕೈಗವಸು ಹಳದಿಯಾಯಿತು. ಎಂಥ ಸೊಗಸಾಗಿತ್ತು ಅಂದರೆ, ಕೆಲಸ ಹೋಗುವುದಿದ್ದರೆ ಹೀಗೇ ಹೋಗಲಿ ಅನ್ನಿಸಿಬಿಟ್ಟಿತು.

ಆಗ ಬಾಗಿಲಲ್ಲಿ ಸರ್, ಅವರ ಪಕ್ಕ ಅಧ್ಯಕ್ಷರು. ಸರ್ ಮುಖದಲ್ಲಿ ರಕ್ತವಿರಲಿಲ್ಲ. ಅಧ್ಯಕ್ಷರು ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಹಾಡು ಮುಗಿದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಎಷ್ಟು ದಿನ ರಿಹರ್ಸಲ್ ಮಾಡಿಸಿದ್ರಮ್ಮ?"

ನಾನು ತಲೆಯಾಡಿಸಿದೆ.

"ಎಲ್ಲರೂ ಸಹಜವಾಗಿ ಮಾಡಿದಾರೆ. ಮದುಮಗಳ ಪಾತ್ರದ ಹುಡುಗಿ ಸ್ವಲ್ಪ ಜಾಸ್ತಿ ನಗ್ತಾಳೆ. ಆ ಅಜ್ಜಿ ಪಾತ್ರ ಮಾತ್ರ ಒಂಚೂರು ಓವರ್ ಆಕ್ಟಿಂಗು."

ಓವರ್ ಆಕ್ಟಿಂಗ್ ಅಜ್ಜಿ ಇತ್ತ ತಿರುಗಿದರು. "ಯಾರಪ್ಪ ನೀನು, ಸುಮ್ನೆ ನಿಂತಿದೀಯ? ಈ ತಟ್ಟೆ ಇಡ್ಕೋ," ಅಂತ ಅರಿಶಿನದ ತಟ್ಟೆಯನ್ನು ಅಧ್ಯಕ್ಷರ ಕೈಗಿಟ್ಟು, ಹಣೆಗೆ ಕುಂಕುಮ ಹಚ್ಚಿದರು.

"ನೋಡಿ, ನೋಡಿ! ಪ್ರೇಕ್ಷಕರನ್ನೂ ಸೇರಿಸ್ಕೊಳ್ತಾರೆ!" ಅಂತ ಅಧ್ಯಕ್ಷರು ಸರ್ ಕಡೆ ನೋಡಿ ಕುಣಿಯುವುದೊಂದು ಬಾಕಿ. ಸರ್ ಮುಖಕ್ಕೆ ಮೆಲ್ಲಗೆ ರಕ್ತ ಮರಳಿತು. "ಅದೇ ಸರ್, ನಮ್ಮ ಹೊಸ ಪ್ರಯೋಗ" ಅಂದರು.

ನನ್ನ ಮನಸ್ಸು ತಡೆಯಲಿಲ್ಲ. "ಸರ್, ಇದು ನಾಟಕ ಅಲ್ಲ. ನಿಜವಾದ..." ಅಂತ ಶುರುಮಾಡಿದೆ. ಅಷ್ಟರಲ್ಲಿ ಅಜ್ಜಿ ಸೊಂಟದ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ತಟ್ಟೆಯ ಮೇಲಿಟ್ಟು, "ಭಾನ್ವಾರ ಊಟಕ್ಕೆ ಬಾರಪ್ಪ" ಅಂದರು.

ಅಧ್ಯಕ್ಷರು ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಣ್ಣಲ್ಲಿ ನೀರು. "ಲಗ್ನಪತ್ರಿಕೆ ಕೂಡ ಪ್ರಿಂಟ್ ಮಾಡಿಸಿದಾಳಲ್ರೀ ಈ ಹುಡುಗಿ! ಇವಳನ್ನ ಇವತ್ತೇ ಪರ್ಮನೆಂಟ್ ಮಾಡಿ. ಇದೇ ತಂಡ, ಇದೇ ಮದುಮಗಳು, ಪ್ರತಿ ಶುಕ್ರವಾರ ಈ ಕಾರ್ಯಕ್ರಮ ಆಗ್ಬೇಕು. ಆಗುತ್ತೇನಮ್ಮ?"

ನಾನು ತಲೆಯಾಡಿಸಿದೆ.

ಅಜ್ಜಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಏನಮ್ಮ, ಯೋಚ್ನೆ ಮಾಡಿ ತಲೆಯಾಡ್ಸು. ಈ ಒಬ್ಬ ಗಂಡು ಸಿಗೋಕೇ ನಾಲ್ಕು ವರ್ಷ ಆಯ್ತು. ವಾರಕ್ಕೊಬ್ಬನ್ನ ಎಲ್ಲಿಂದ ತರ್ಲಿ?"