ಫೋರ್ಕು ಬಿಚ್ಚಿ ತೋರಿಸಿದ್ದು

ನಮ್ಮನೆಯಲ್ಲಿ ಇಂಥದ್ದು ಆಗದ ವಾರವೇ ಇಲ್ಲ. ಏನಾಯಿತು ಅಂತ ನನಗೆ ಅರ್ಥವಾಗುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ.

ಈ ಸಲ ಮಾವನವರ ಹಳೇ ಮೋಟಾರುಬೈಕು. ಶ್ರೀರಂಗಪಟ್ಟಣದ ನಮ್ಮ ಹಿತ್ತಲಲ್ಲಿ ನಮ್ಮನೆಯವರು ಅದನ್ನು ಹೊಸದು ಮಾಡುತ್ತಿದ್ದರು. ಭಾನುವಾರ ನಾಗಮಂಗಲದಲ್ಲಿ ಅಕ್ಕನ ಸೀಮಂತ. "ಅದೇ ಬೈಕಲ್ಲಿ ಬರ್ತೀವಿ" ಅಂತ ನಾನು ತವರಿಗೆಲ್ಲ ಸಾರಿಬಿಟ್ಟಿದ್ದೆ. ಬಾಕಿ ಇದ್ದದ್ದು ಮುಂದಿನ ಚಕ್ರ ಹಿಡಿಯುವ ಫೋರ್ಕು ಒಂದೇ. ಅದರಲ್ಲಿ ಕೊಳವೆಯೊಳಗೆ ಕೊಳವೆ ಜಾರಬೇಕಂತೆ. ತುಕ್ಕು ಹಿಡಿದು ಎರಡೂ ಕಚ್ಚಿಕೊಂಡಿದ್ದವು.

ಹಂಡೆ

ಪಾಂಡವಪುರದಲ್ಲಿ ಯಾರೋ "ಬಿಸಿನೀರಲ್ಲಿ ನೆನೆಹಾಕು" ಅಂದರಂತೆ. ಇವರು ಯಾರಿಗೂ ಹೇಳದೆ ಫೋರ್ಕನ್ನು ಬಚ್ಚಲ ಹಂಡೆಗೆ ಇಳಿಬಿಟ್ಟು ಪೇಟೆಗೆ ಹೋದರು. ಅತ್ತೆ ಅದೇ ನೀರು ಹುಯ್ದುಕೊಂಡು, ಮೈಯೆಲ್ಲ ಗ್ರೀಸಾಗಿ ಬಂದು, "ಸೋಪು ಬದಲಾಯ್ಸಿದ್ಯೇನವ್ವ? ನೊರೆನೇ ಬರ್ನಿಲ್ಲ" ಅಂದರು.

ಸಂಜೆ ನೋಡಿದರೆ ಫೋರ್ಕು ಇದ್ದಂಗೇ ಇತ್ತು. ಮಂಡಿನೋವಿನ ಅತ್ತೆ ಮಾತ್ರ ಎಷ್ಟೋ ದಿನದ ಮೇಲೆ ಮಂಡಿ ಮಡಚಿ ಕೂತು, "ನಾಳೆಕೂ ಅದೇ ನೀರು ಕಾಯ್ಸು" ಅಂದರು.

ಬಾವಿ ಕಡೆಗೆ

ಮಾರನೆಯ ದಿನ ವೆಲ್ಡಿಂಗ್ ಅಂಗಡಿ ಭಾಯ್ ಬಂದರು. ಅವರು ಒಳಕೊಳವೆ ಹಿಡಿದರು, ಇವರು ಹೊರಕೊಳವೆ.

"ಭಾಯ್, ಬಾವಿ ಕಡೆಗೆ ತಿರುಗ್ಸಿ!"

ಇಬ್ಬರೂ ಬಾವಿ ಕಡೆಗೆ ತಿರುಗಿಸಿದರು. ಕೊಳವೆ ಸಲೀಸಾಗಿ ತಿರುಗಿತು.

"ಬಂತು ಬಂತು! ಅಪ್ಪಾ, ತಿರುಗ್ತಾ ಐತೆ!"

ಮಾವ ಚಪ್ಪಾಳೆ ತಟ್ಟಿದರು. ನಾನು ಮಗಳನ್ನು ಸೊಂಟದಲ್ಲಿಟ್ಟುಕೊಂಡು ಸುಮಾರು ಹೊತ್ತು ನೋಡಿದೆ. ನನಗೇ ತಲೆ ಕೆಟ್ಟಿದೆಯೇನೋ ಅನ್ನಿಸಿತು. ಕೊನೆಗೆ ಕೇಳಿದೆ: "ಇಬ್ರೂ ಒಂದೇ ಕಡೆ ತಿರುಗ್ಸುದ್ರೆ ಲಟ್ಟಣಿಗೆನೂ ತಿರುಗ್ತದೆ. ಬಿಚ್ಚೋದೆಂಗೆ?"

ಇವರು ಗಂಭೀರವಾಗಿ, "ಅವಳೇಳೋದೂ ಸರಿ ಭಾಯ್. ಈ ಸಲ ಇಬ್ರೂ ಕೊಟ್ಟಿಗೆ ಕಡೆ ತಿರುಗ್ಸಾಣ" ಅಂದರು.

ಲೋಟ

ಶನಿವಾರ ಅಡುಗೆಮನೆಯಲ್ಲಿ ಎರಡು ಸ್ಟೀಲು ಲೋಟ ಒಂದರೊಳಗೊಂದು ಸಿಕ್ಕಿಕೊಂಡವು. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಲ್ಲಿಟ್ಟೆ. ಬಿಟ್ಟುಕೊಂಡವು.

"ಫೋರ್ಕಿಗೂ ಇಂಗೇ ಮಾಡ್ಬಾರ್ದಾ?"

"ಲೋಟನೂ ಬೈಕೂ ಒಂದೇನಾ? ಸುಮ್ಕಿರು" ಅಂದು, ಇವರು ಕೆ.ಆರ್.ಪೇಟೆಯ ಹಳೇ ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. "ಹೊರಕೊಳವೆ ಕಾಯ್ಸು, ಒಳಕೊಳವೆಗೆ ಐಸ್ ತುಂಬು" ಅಂದಿತು ಫೋನು.

"ನೋಡ್ದಾ? ಅನುಭವ ಅಂದ್ರೆ ಇದು!" ಅಂದರು ನನಗೆ.

ಭಾಯ್ ಮತ್ತೆ ಬಂದು ಬೆಂಕಿ ಹಿಡಿದರು, ನಾನು ಐಸ್ ತುಂಬಿದೆ. ಎಳೆದರೆ ಫಟ್ ಅಂತ ಬಂದೇಬಿಟ್ಟಿತು! ಇವರು ಕುಣಿದಾಡಿದರು.

"ಅಪ್ಪಾ, ಈಗೆಷ್ಟು ಸಲೀಸಾಗಿ ಹೋಗ್ತದೆ ನೋಡು!" ಅಂದವರೇ, ಕಾದ ಕೊಳವೆಯೊಳಕ್ಕೆ ಇನ್ನೊಂದನ್ನು ತಳದವರೆಗೂ ನೂಕಿದರು.

ಹೊರಕೊಳವೆ ಆರಿತು. ಹಿಡಿದ ಹಿಡಿತ, ದೇವರು ಬಂದರೂ ಬಿಡುವಂತಿರಲಿಲ್ಲ.

ಭಾನುವಾರ ಬಸ್ಸಿಳಿದು ಹೋದರೆ, ಅಕ್ಕ ವಿಡಿಯೋ ಮಾಡಲು ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು.

"ಎಲ್ಲೇ ಬೈಕು? ಫೋರ್ಕು ಬಿಚ್ಚಕ್ಕಾಗ್ನಿಲ್ವಾ ನಿಮ್ಮೆಜಮಾನ್ರಿಗೆ?"

"ಬಿಚ್ಚುದ್ರು ಕಣಕ್ಕಾ. ಬಿಚ್ಚಿರೋದನ್ನ ತೋರ್ಸಕ್ಕೆ ಅಂತ ಮತ್ತೆ ಮುಚ್ಚುದ್ರು."