ನಲವತ್ತು ಕೋಳಿಗಳಿಗೆ ವಾಹನ ನಿಲುಗಡೆ ಕೇಳಿದ ಯೋಜನಾಧಿಕಾರಿಗಳಿಗೆ

ಮಾನ್ಯ ಯೋಜನಾಧಿಕಾರಿಗಳೇ,

ತಮಗೂ, ತಮ್ಮ ಮೇಲಿನವರಿಗೂ, ತಮ್ಮ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಸುಖವಾಗಿ ಮಲಗಿರುವ ನನ್ನ ಅರ್ಜಿಗೂ ಕೈಮುಗಿದು ಬರೆಯುವುದೇನೆಂದರೆ, ನಾನು ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಹೊಸ ಫಾರಂ ಮಾತ್ರ ಕೊಡಬೇಡಿ.

ನಮ್ಮ ಹಿಂದಿನ ಕೋಣೆಯಲ್ಲಿ ಕಾವುಪೆಟ್ಟಿಗೆ ಇದೆ, ಮೊಟ್ಟೆಗಳನ್ನು ಇಪ್ಪತ್ತೊಂದು ದಿನ ಬೆಚ್ಚಗಿಟ್ಟು ಮರಿ ಮಾಡುವ ಯಂತ್ರ. ಕರೆಂಟು ಹೋದರೆ ಮೊಟ್ಟೆಗಳಿಗಿಂತ ಮೊದಲು ನನ್ನ ಕೈಕಾಲು ತಣ್ಣಗಾಗುತ್ತವೆ. ಅದಕ್ಕೇ ಮಹಡಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದೆ, ಅಲ್ಲೇ ಸಾಕಿರುವ ಕೋಳಿಗಳಿಗೆ ನೆರಳೂ ಆಗಲಿ ಎಂದು ಕಂಬ ಎತ್ತರಿಸಿದೆ. ಎಂಟಡಿ ದಾಟಿದರೆ ರಾಜ್ಯದ ಸೌರವಿದ್ಯುತ್ ನಿಯಮದಲ್ಲಿ ಅದು ಪ್ಯಾನೆಲ್ ಅಲ್ಲ, ಮನೆಯ ಇನ್ನೊಂದು ಅಂತಸ್ತು ಎಂದು ನನಗೇನು ಗೊತ್ತು? ಅಷ್ಟೇ ಆಗಿದ್ದರೆ ಕಂಬ ಕೊಯ್ದು ಮುಗಿಸುತ್ತಿದ್ದೆ. ಆದರೆ ಪ್ಯಾನೆಲ್ ಅನುಮತಿಯ ಫಾರಂನಲ್ಲಿ 'ಅದರಡಿ ವಾಸಿಸುವವರು ಎಷ್ಟು' ಎಂಬ ಕಾಲಂ ಇತ್ತು, ಸುಳ್ಳು ಬರೆದರೆ ಜೈಲು ಎಂದು ಕೆಳಗೆ ಅಚ್ಚಾಗಿತ್ತು. ಹೆದರಿ, ಮಹಡಿ ಹತ್ತಿ, ಎರಡೆರಡು ಸಲ ಎಣಿಸಿ ನಲವತ್ತು ಎಂದು ಬರೆದೆ.

ತಮ್ಮ ಉತ್ತರ ಓದಿ ಕಣ್ಣು ತುಂಬಿತು. ನಲವತ್ತು ನಿವಾಸಿಗಳಿಗೆ ಎರಡನೇ ಮೆಟ್ಟಿಲು, ಆರು ಶೌಚಾಲಯ, ಹತ್ತು ವಾಹನ ನಿಲ್ಲಿಸುವ ಜಾಗ ತೋರಿಸುವವರೆಗೆ ಪ್ಯಾನೆಲ್‌ಗೆ ತಂತಿ ಜೋಡಿಸಬಾರದಂತೆ. ಇಷ್ಟು ಕಾಳಜಿಯನ್ನು ನಮ್ಮ ಹುಂಜ ಕೂಡ ತೋರಿಸಿದ್ದಿಲ್ಲ. ಹೆಂಡತಿ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಜ ಬರೀರಿ ಅಂತ ನಿಮ್ಮನ್ನ ಯಾರು ಬೇಡಿಕೊಂಡಿದ್ರು? ಈಗ ಕೂತು ಕೋಳಿಗಳಿಗೆ ಕಾರು ಓಡಿಸೋದು ಕಲಿಸಿ," ಎಂದಳು. ಅತ್ತೆಯವರು ಆರರಲ್ಲಿ ಒಂದು ಶೌಚಾಲಯವನ್ನು ತಮಗೇ ಮೀಸಲಿಡಲು ಹೇಳಿದ್ದಾರೆ.

ಆ ನಲವತ್ತು ನಿವಾಸಿಗಳು ಮನುಷ್ಯರಲ್ಲ, ಕೋಳಿಗಳು ಎಂದು ತಿಳಿಸಲು ಬಂದರೆ, ತಿದ್ದುಪಡಿಗೆ ನಿವಾಸಿಗಳೆಲ್ಲರ ಸಹಿ ಬೇಕು ಎಂದರು ತಮ್ಮ ಗುಮಾಸ್ತರು. ಅವರ ಮುಖದಲ್ಲಿ ನಗು ಹುಡುಕಿದೆ, ಸಿಗಲಿಲ್ಲ. ನಿಯಮ ಬದಲಿಸಿ ಎನ್ನುವಷ್ಟು ದೊಡ್ಡವನು ನಾನಲ್ಲ. ಸೂರ್ಯನಿಗೇ ಒಂದು ನೋಟೀಸು ಕಳಿಸಿ, ಅನುಮತಿ ಸಿಗುವವರೆಗೆ ನಮ್ಮ ಮಹಡಿಗೆ ಬರದಂತೆ ತಡೆದರೆ ಸಾಕು. ದಿನಾ ದಂಡವಾಗುವ ಬಿಸಿಲು ನೋಡಿ ನಾನು ಸಂಕಟಪಡುವುದಾದರೂ ತಪ್ಪುತ್ತದೆ.

ಇಂದು ಇಪ್ಪತ್ತೊಂದನೇ ದಿನ, ಪೆಟ್ಟಿಗೆಯಲ್ಲಿ ನೂರಿಪ್ಪತ್ತು ಮೊಟ್ಟೆಗಳಿವೆ. ಬೆಳಿಗ್ಗೆ ಬೀದಿಯ ಕರೆಂಟು ಹೋಯಿತು, ಬರುವುದು ನಾಳೆಯಂತೆ. ಜೀವ ಬಾಯಿಗೆ ಬಂತು. ಎಂದೂ ಕರೆಂಟು ಹೋಗದ ಜಾಗ ಯಾವುದೆಂದು ತಲೆ ಕೆರೆದುಕೊಂಡಾಗ ಒಂದೇ ಒಂದು ನೆನಪಾಯಿತು. ಆದ್ದರಿಂದ ಪೆಟ್ಟಿಗೆಗೆ ಕಂಬಳಿ ಸುತ್ತಿ, ತಳ್ಳುಗಾಡಿಯಲ್ಲಿ ತಂದು, ತಮ್ಮ ಕಚೇರಿಯ ವರಾಂಡದ ಪ್ಲಗ್ಗಿಗೆ ಹಾಕಿದ್ದೇನೆ. ಪಕ್ಕದ ಬೆಂಚಿನಲ್ಲೇ ಕೂತು ಇದನ್ನು ಬರೆದು, ಎಲ್ಲರೂ ಓದಲೆಂದು ತಮ್ಮ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ಎದೆ ಡವಗುಟ್ಟುತ್ತಲೇ ಇರುವ,
ತಮ್ಮ ವಿಶ್ವಾಸಿ,
ಮರಿ ಮಾಡಿಸುವವನು

ಬರೆಯಲು ಮರೆತದ್ದು: ಐದಕ್ಕೆ ಮನೆಗೆ ಹೊರಡುವಾಗ ದಯವಿಟ್ಟು ಮೇನ್ ಸ್ವಿಚ್ಚು ಆರಿಸಬೇಡಿ. ಎರಡು ಮೊಟ್ಟೆ ಬಿರುಕು ಬಿಟ್ಟಿವೆ, ತಮ್ಮ ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದು ಪೆಟ್ಟಿಗೆಯ ಗಾಜಿನ ಮುಂದೆ ಕೂತಿದ್ದಾರೆ. ಈ ಕಚೇರಿಯಲ್ಲಿ ಹೇಳಿದ ದಿನಕ್ಕೆ ಒಂದು ಕೆಲಸ ಆಗುವುದನ್ನು ಅವರು ನೋಡುತ್ತಿರುವುದು ಇದೇ ಮೊದಲಂತೆ.