ನಾಲ್ಕನೇ ಕ್ಲಾಸಿನವಳು ಎರಡು ದೇಶ ಒಂದು ಮಾಡಲು ಹೊರಟದ್ದು

ಕೆಲವರ ಬಾಗಿಲಿಗೆ ಸೇಲ್ಸ್‌ಮನ್ ಬರುತ್ತಾನೆ, ಕೆಲವರ ಬಾಗಿಲಿಗೆ ನೆಂಟರು ಬರುತ್ತಾರೆ. ನನ್ನ ಬಾಗಿಲಿಗೆ ಮಾತ್ರ ನನಗೆ ಸಿಟ್ಟು ಬರಿಸಲಿಕ್ಕೆಂದೇ ವರ್ಷಕ್ಕೆ ನಾಲ್ಕು ಜನವಾದರೂ ಬರುತ್ತಾರೆ. ಮದುವೆಯಾಗಿ ಮುಂಬಯಿ ಹತ್ತಿರದ ಈ ಡೊಂಬಿವಲಿಗೆ ಬಂದ ದಿನದಿಂದ ಇದು ತಪ್ಪಿದ್ದಿಲ್ಲ. ಆಮೇಲೆ ಹೇಳಿದರೆ ಕೇಳಿದವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತು ಅಂತ ನನ್ನ ಗಂಡನನ್ನು ಕೇಳಬೇಕು. ಈಗ ಹೇಳುವುದು ಎರಡು ದೇಶಗಳನ್ನು ಒಂದು ಮಾಡುವ ಕೆಲಸ ನನ್ನ ತಲೆಗೆ ಬಂದಾಗಿನ ಕತೆ.

ವಿಷಯ ಮನೆಗೆ ಬಂದದ್ದು

ನಮ್ಮ ಏರಿಯಾದಲ್ಲಿ ಕನ್ನಡದವರ ಸಂಘ ಎರಡು. ಒಂದು ನಮ್ಮ ಕರಾವಳಿಯವರದ್ದು, ಇನ್ನೊಂದು ಉತ್ತರ ಕರ್ನಾಟಕದವರದ್ದು. ಮೊದಲು ಒಂದೇ ಇತ್ತಂತೆ. ವಾರ್ಷಿಕೋತ್ಸವದ ಊಟಕ್ಕೆ ನೀರುದೋಸೆಯೋ ಜೋಳದ ರೊಟ್ಟಿಯೋ ಎಂಬಲ್ಲಿ ಮಾತು ಬೆಳೆದು ಎರಡಾಯಿತಂತೆ. ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ರಾಜ್ಯೋತ್ಸವಕ್ಕೆ ಮೊದಲ ಸಲ ಎರಡೂ ಸಂಘ ಸೇರಿ ಮಕ್ಕಳ ಭಾಷಣ ಸ್ಪರ್ಧೆ ಇಟ್ಟಿದ್ದರು.

ನಮ್ಮ ಸಂಘದ ಕಾರ್ಯದರ್ಶಿ ಒಂದು ಚೀಟಿ ಹಿಡಿದು ಮನೆಗೆ ಬಂದರು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಿಷಯ: ‘ನೆರೆಹೊರೆಯ ಎರಡು ದೇಶಗಳು ಒಂದಾಗಬೇಕೆ?’

ನಾನು ಎರಡು ಸಲ ಓದಿದೆ. "ಯಾವ ಎರಡು ದೇಶ?"

"ಅದು ಮಕ್ಕಳ ಕಲ್ಪನೆಗೆ ಬಿಟ್ಟದ್ದು ಮಾರಾಯ್ರೆ."

"ಗೆರೆ ಎಳೆದದ್ದು ದೊಡ್ಡವರು. ಅಳಿಸಲಿಕ್ಕೆ ನಾಲ್ಕನೇ ಕ್ಲಾಸಿನವರೇ ಬೇಕಾ?"

ಅವರು ನಕ್ಕು, ಚಹಾ ಕೇಳಿ, ಕೂತು, ಕಾಲು ಚಾಚಿದರು. "ನಿಮಗೆ ಕಷ್ಟ ಆಗ್ತದೆ ಅಂತ ನನಗೆ ಗೊತ್ತುಂಟು. ಬೇರೆ ತಾಯಂದಿರೆಲ್ಲ ಡಿಗ್ರಿ ಆದವರು, ಬರೆದುಕೊಡ್ತಾರೆ. ನಿಮ್ಮದು ಹತ್ತನೇ ಅಲ್ವಾ? ಮಗಳನ್ನು ಛದ್ಮವೇಷಕ್ಕೆ ಸೇರಿಸಿ. ಒಂದು ಕೊಳಲು, ಒಂದು ನವಿಲುಗರಿ ಸಾಕು. ಮಾತೇ ಬೇಡ."

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತು ಬೇಡ ಎಂದ ಮೊದಲ ಮನುಷ್ಯ ಇವರು. ಮೈಯೆಲ್ಲ ಉರಿದುಹೋಯಿತು. ಹತ್ತನೇ ಓದಿದ್ದು ಹೌದು. ಮುಂದೆ ಓದಿಸದೆ ಮದುವೆ ಮಾಡಿದ್ದು ನನ್ನನ್ನು ಕೇಳಿ ಅಲ್ಲ. ಮಗಳು ಸ್ಟೇಜಿನ ಮೇಲೆ ನಿಂತು ಮೂರು ನಿಮಿಷ, ನಾನು ಬರೆದುಕೊಟ್ಟದ್ದನ್ನು, ಒಂದು ಹಿಂದಿ ಶಬ್ದ ಬೆರೆಸದೆ ಕನ್ನಡದಲ್ಲಿ ಹೇಳಬೇಕು ಅಂತ ಆ ಕ್ಷಣವೇ ತೀರ್ಮಾನ ಮಾಡಿದೆ. ಅವಳೋ, ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ‘ಆತೀ ಹೂಂ’ ಅನ್ನುವವಳು.

"ಭಾಷಣಕ್ಕೇ ಹೆಸರು ಬರ್ಕೊಳ್ಳಿ," ಎಂದು ಹೇಳಿ ಚಹಾ ತಂದು ಇಟ್ಟೆ.

ಆ ಚಹಾಕ್ಕೆ ಸಕ್ಕರೆ ಹಾಕಿದ್ದೆನೋ ಉಪ್ಪು ಹಾಕಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಗೊತ್ತು.

ಗೋಡೆಯ ಆಚೆಯ ಗ್ರೈಂಡರ್

ನನ್ನ ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರ ಧಣಿ ತುಂಬ ಓದಿದವರು, ದಿನಕ್ಕೆ ಮೂರು ಪೇಪರ್ ತಿರುವಿ ಹಾಕುವವರು. ಅವರ ಹತ್ತಿರ ನಾಲ್ಕು ಪಾಯಿಂಟ್ ಸಿಗಬಹುದು ಅಂತ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ.

ಆ ಹೋಟೆಲಿನ ಕತೆ ಸ್ವಲ್ಪ ಹೇಳಬೇಕು. ಧಣಿಗೂ ಅವರ ತಮ್ಮನಿಗೂ ಜಗಳವಾಗಿ ಹೋಟೆಲಿನ ನಡುವೆ ಗೋಡೆ ಎದ್ದಿದೆ. ಪಾಲು ಮಾಡುವಾಗ ದೋಸೆ ಕಾವಲಿ ಅಣ್ಣನಿಗೆ ಬಂತು, ಹಿಟ್ಟು ರುಬ್ಬುವ ಗ್ರೈಂಡರ್ ತಮ್ಮನಿಗೆ ಹೋಯಿತು. ಅಣ್ಣ ಬೇರೆ ಗ್ರೈಂಡರ್ ತಂದರೆ ಮುಗಿಯಿತಲ್ಲ? ತರುವುದಿಲ್ಲ. "ಅದು ನಮ್ಮಪ್ಪ ತಂದ ಗ್ರೈಂಡರ್, ನ್ಯಾಯವಾಗಿ ನನಗೆ ಸೇರಬೇಕಾದ್ದು. ಇನ್ನೊಂದು ತಂದರೆ ಅದನ್ನು ಬಿಟ್ಟುಕೊಟ್ಟ ಹಾಗೆ ಆಗ್ತದೆ." ತಮ್ಮನದ್ದೂ ಕಾವಲಿಯ ವಿಷಯದಲ್ಲಿ ಅದೇ ಹಟ. ಹಾಗಾಗಿ ಗೋಡೆಯ ಈಚೆ ಘೋಡಬಂದರ್ ರಸ್ತೆಯಿಂದ ಟೆಂಪೋದಲ್ಲಿ ದೋಸೆ ಹಿಟ್ಟು ತರಿಸಿ ಬರೀ ದೋಸೆ, ಆಚೆ ಬರೀ ಇಡ್ಲಿ. ಎರಡೂ ತಿನ್ನುವ ಆಸೆ ಇದ್ದವನು ಒಂದು ಕಡೆ ಕೈತೊಳೆದು ಇನ್ನೊಂದು ಕಡೆ ಹೋಗಬೇಕು.

ಧಣಿಗೆ ವಿಷಯ ಕೇಳಿ ಬಹಳ ಖುಷಿಯಾಯಿತು. "ಬರ್ಕೋ ಮಗಾ. ಗಡಿ ಅನ್ನುವುದೇ ಸುಳ್ಳು. ಒಂದೇ ನೆಲ, ಒಂದೇ ರಕ್ತ. ನಡುವೆ ಗೋಡೆ ಕಟ್ಟಿದವರು ಮೂರ್ಖರು. ಒಂದಾಗಲೇಬೇಕು!"

ಮಗಳು ಬರೆದುಕೊಂಡಳು. ಬರೆದು ಹಸಿವಾಗಿರಬೇಕು. "ಅಂಕಲ್, ನನಗೆ ಇಡ್ಲಿ."

"ಇಡ್ಲಿ ಇಲ್ಲ ಮಗಾ, ದೋಸೆ ತಿನ್ನು."

"ಬಾಜೂ ಮೇ ಹೈ ನಾ?" ಎಂದು ಮಗಳು ಗೋಡೆಯ ಕಡೆ ಬೆರಳು ತೋರಿಸಿದಳು.

ಧಣಿಯ ಮುಖ ಕಪ್ಪಾಯಿತು. ನಾನು ಸುಮ್ಮನಿರಬಹುದಿತ್ತು. ಆದರೆ ಪಾಯಿಂಟ್ ಬೇಕಿತ್ತಲ್ಲ! "ಧಣಿಗಳೇ, ಎರಡು ದೇಶ ಒಂದಾದ ಮೇಲೆ ಗ್ರೈಂಡರ್ ಯಾರ ಕಡೆ ಇರಬೇಕು?" ಎಂದು ಕೇಳಿದೆ. ಗಲ್ಲಾದಲ್ಲಿ ಕೂತಿದ್ದ ನನ್ನ ಗಂಡ ಬೀಳದ ಪೆನ್ನು ಹುಡುಕಲು ಮೇಜಿನ ಅಡಿಗೆ ಹೋದವರು ನಾವು ಹೊರಡುವವರೆಗೆ ಮೇಲೆ ಬರಲಿಲ್ಲ.

ಸಂಜೆ ಮನೆಗೆ ಬಂದು ಕೇಳಿದರು, "ಪಾಯಿಂಟ್ ಸಿಕ್ಕಿತಾ?"

"ಸಿಕ್ಕಿತು."

"ನನಗೂ ಸಿಕ್ಕಿತು. ನಾಳೆಯಿಂದ ಬೆಳಗ್ಗೆ ಐದರ ಡ್ಯೂಟಿ."

ನಾಲ್ಕನೆಯ ಸೀಟು

ಸೀರೆಗೆ ಫಾಲ್ ಹೊಲಿಯುವ ಕೆಲಸ ನನ್ನದು. ಸೀರೆ ತರಲು ವಾರಕ್ಕೆರಡು ಸಲ ಠಾಣೆಗೆ ಲೋಕಲ್ ಹಿಡಿಯುತ್ತೇನೆ. ಡೊಂಬಿವಲಿಯವರ ಹಣೆಬರಹ ಏನೆಂದರೆ ಗಾಡಿ ನಮ್ಮಲ್ಲಿಗೆ ಬರುವಾಗಲೇ ನಮಗಿಂತ ಮೊದಲು ಕಲ್ಯಾಣ ಸ್ಟೇಷನಿನಲ್ಲಿ ಹತ್ತಿದವರು ಕೂತು, ಕೆಲವರು ನಿದ್ದೆಯನ್ನೂ ಮಾಡಿರುತ್ತಾರೆ. ಹಾಗಾಗಿ ಒಂದು ಅಲಿಖಿತ ಕಾನೂನು ಇದೆ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವಳಿಗೆ ತುದಿಯಲ್ಲಿ ಒಂಚೂರು ಜಾಗ ಕೊಡಬೇಕು. ಅದಕ್ಕೇ ನಾಲ್ಕನೆಯ ಸೀಟು ಅಂತ ಹೆಸರು.

ಅವತ್ತು ಲೇಡೀಸ್ ಡಬ್ಬಿಯಲ್ಲಿ ನನ್ನೆದುರಿಗೆ ಕೂತವರ ಕೊರಳಲ್ಲಿ ಕಾಲೇಜಿನ ಗುರುತಿನ ಕಾರ್ಡು ಇತ್ತು. ಲೆಕ್ಚರರ್. ದೇವರೇ ಕಳಿಸಿದ ಹಾಗೆ ಆಯಿತು ಎಂದುಕೊಂಡು ಬ್ಯಾಗು ಸರಿಮಾಡಿಕೊಳ್ಳುತ್ತ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಹಿಂದಿಯಲ್ಲಿ ಪಾಠವನ್ನೇ ಶುರು ಮಾಡಿದರು. ದೊಡ್ಡ ಮನಸ್ಸು ಬೇಕು, ಭೂಮಿ ಎಲ್ಲರಿಗೂ ಸೇರಿದ್ದು, ಯುರೋಪಿನಲ್ಲಿ ಬೆಳಗ್ಗೆ ಒಂದು ದೇಶದಲ್ಲಿ ತಿಂಡಿ ತಿಂದು ಮಧ್ಯಾಹ್ನ ಇನ್ನೊಂದರಲ್ಲಿ ಊಟ ಮಾಡುತ್ತಾರೆ, ಯಾರೂ ತಡೆಯುವುದಿಲ್ಲ.

"ತುಂಬ ಚಂದ ಹೇಳಿದ್ರಿ ಮೇಡಂ. ಥೋಡಾ ಸರ್ಕೋ ನಾ, ಸ್ವಲ್ಪ ಸರಿದರೆ ನಾನೂ ಕೂತು ಬರ್ಕೊಳ್ತೇನೆ."

"ಎಲ್ಲಿ ಜಾಗ ಇದೆ? ನಾವು ಕಲ್ಯಾಣದಿಂದ ಕೂತು ಬಂದವರು. ನಡುವೆ ಹತ್ತಿದವರಿಗೆಲ್ಲ ಜಾಗ ಕೊಡ್ತಾ ಹೋದರೆ ಹೇಗೆ?"

ನಾನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ಉತ್ತರ ಬಂತು. ಬಾಗಿಲ ಬಳಿ ನೆಲದ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದ ಒಬ್ಬ ಅಜ್ಜಿ, ತಲೆ ಎತ್ತದೆ ಮರಾಠಿಯಲ್ಲಿ ಹೇಳಿದಳು: "ನಾನು ಕಲ್ಯಾಣಕ್ಕೂ ಮೊದಲು, ಶಹಾಡಿನಲ್ಲಿ ಹತ್ತಿದವಳು. ಆ ಲೆಕ್ಕದಲ್ಲಿ ನೀನೂ ನಡುವೆ ಬಂದವಳೇ. ಎದ್ದೇಳಮ್ಮ, ನನಗೆ ಮೊಣಕಾಲು ನೋವು."

ಇಡೀ ಡಬ್ಬಿ ನಕ್ಕಿತು. ಠಾಣೆಯವರೆಗೆ ಅಜ್ಜಿ ಕೂತಳು, ಅವಳ ಪಕ್ಕ ನಾಲ್ಕನೆಯವಳಾಗಿ ನಾನು ಕೂತೆ. ಲೆಕ್ಚರರ್ ಮಾತ್ರ ಕಂಬ ಹಿಡಿದು ನಿಂತಿದ್ದರು. ಯುರೋಪಿನ ಸುದ್ದಿ ಮತ್ತೆ ಬರಲಿಲ್ಲ.

ಪರದೇಶದವನನ್ನೇ ಕೇಳಿದ್ದು

ಎಲ್ಲರನ್ನೂ ಕೇಳಿದೆ, ನಿಜವಾಗಿ ನೆರೆದೇಶದವನೊಬ್ಬ ನಮ್ಮ ಗೇಟಿನಲ್ಲೇ ಕೂತಿದ್ದಾನಲ್ಲ ಅಂತ ಆಮೇಲೆ ಹೊಳೆಯಿತು. ನಮ್ಮ ಬಿಲ್ಡಿಂಗಿನ ವಾಚ್‌ಮನ್ ನೇಪಾಳದವನು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಬಿಲ್ಡಿಂಗಿನವರಿಗೆ ಅದನ್ನು ಕೇಳುವಷ್ಟು ಪುರುಸೊತ್ತು ಇಲ್ಲ, ‘ಬಹಾದ್ದೂರ್’ ಎಂದು ಕರೆಯುತ್ತಾರೆ. ಅವನಿಗಿಂತ ಮೊದಲಿದ್ದವನನ್ನೂ ಹಾಗೇ ಕರೆಯುತ್ತಿದ್ದರು.

ನಾನು ಮಾತಾಡಿಸುತ್ತಿರುವಾಗಲೇ ಸೊಸೈಟಿಯ ಚೇರ್ಮನ್ ವಾಕಿಂಗ್ ಮುಗಿಸಿ ಬಂದರು. ವಿಷಯ ಕೇಳಿ ಅವನ ಬೆನ್ನು ತಟ್ಟಿದರು. "ಇದರಲ್ಲಿ ಕೇಳುವುದೇನಿದೆ? ನೇಪಾಳ ಬೇರೆ, ನಾವು ಬೇರೆಯಾ? ಸೇರಿಸಿಬಿಡಬೇಕು. ಅಲ್ವೇನೋ ಬಹಾದ್ದೂರ್?" ಇಷ್ಟು ಹೇಳಿ ಲಿಫ್ಟ್ ಹತ್ತಿ ಹೋದರು. ಅವನು ಅವರ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತಿದ. ಲಿಫ್ಟಿನ ಬಾಗಿಲಿಗೆ ಚೇರ್ಮನ್ ಸಹಿಯ ಒಂದು ಕಾಗದ ಅಂಟಿಸಿದೆ: ಕೆಲಸದವರು ಲಿಫ್ಟ್ ಬಳಸಬಾರದು. ಚೇರ್ಮನ್ ಮನೆ ಆರನೇ ಮಾಳಿಗೆ.

ಅವನು ಇಳಿದು ಬಂದು ಬೆವರು ಒರೆಸಿಕೊಳ್ಳುವವರೆಗೆ ಕಾದೆ. "ಈಗ ನೀನು ಹೇಳಪ್ಪ, ಒಂದಾಗಬೇಕಾ?"

ಅವನು ನಿಧಾನವಾಗಿ ನೀರು ಕುಡಿದ. "ಭಾಭೀ, ಹತ್ತು ವರ್ಷದಿಂದ ಇವರೆಲ್ಲ ನನ್ನ ಹತ್ತಿರ ನನ್ನ ದೇಶ ಕೇಳ್ತಾ ಇದ್ದಾರೆ. ದೇಶ ದೊಡ್ಡದು, ಕೊಡುವ ಮೊದಲು ಊರವರನ್ನೆಲ್ಲ ಕೇಳಬೇಕು. ನಾನು ಇವರ ಹತ್ತಿರ ಕೇಳಿದ್ದು ಲಿಫ್ಟ್. ಅದರಲ್ಲಿ ಬರೀ ನಾಲ್ಕು ಜನ ಹಿಡೀತಾರೆ."

ಎರಡು ಒಂದಾದದ್ದು

ಭಾಷಣ ಬರೆದೆ. ಮಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಹಾಗಾಗಿ ಕನ್ನಡದ ಮಾತನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಟ್ಟು, ನಾನು ಚಪಾತಿ ಲಟ್ಟಿಸುವಾಗ, ಅವಳು ಜಡೆ ಹಾಕಿಸಿಕೊಳ್ಳುವಾಗ ಹೇಳಿಸಿದೆ. ಕನ್ನಡ ಶಬ್ದ ಬರಬೇಕಾದಲ್ಲಿ ಹಿಂದಿ ಬಂದರೆ ಮತ್ತೆ ಮೊದಲಿನಿಂದ. ಹನ್ನೆರಡು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಸ್ಪರ್ಧೆಯ ದಿನ ಸಭಾಂಗಣಕ್ಕೆ ಹೋದರೆ ಸ್ಟೇಜಿನ ಮೇಲೆ ಎರಡು ಬ್ಯಾನರ್, ಎರಡು ದೀಪದ ಕಂಬ, ಇಬ್ಬರು ಅಧ್ಯಕ್ಷರು. ಆ ಕಡೆಯ ತೀರ್ಪುಗಾರರು ಇಬ್ಬರು, ಈ ಕಡೆಯವರು ಇಬ್ಬರು. ಕಪ್ ಮಾತ್ರ ಒಂದೇ.

ಮಗಳ ಹೆಸರು ಕರೆದರು. "ಒಂದಾಗಬೇಕು ಎನ್ನುವವರನ್ನೆಲ್ಲ ನಾನು ಕಂಡೆ," ಎಂದು ಶುರು ಮಾಡಿದಳು. ನಡುವೆ ಒಂದು ಕಡೆ ಮಾತು ಮರೆತು ನಿಂತುಬಿಟ್ಟಳು. ಕಾರ್ಯದರ್ಶಿ ನನ್ನ ಕಡೆ ತಿರುಗಿ, ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ ನಕ್ಕರು. ನಾನು ಅಲ್ಲಿಂದಲೇ ತುಟಿ ಆಡಿಸಿದೆ. ಅವಳು ಉಸಿರು ಎಳೆದುಕೊಂಡು ಮುಂದುವರಿಸಿದಳು. "ಒಂದಾಗೋಣ ಎಂದು ಹೇಳುವವರು ಯಾವಾಗಲೂ ದೊಡ್ಡವರು. ಸಣ್ಣವರನ್ನು ಯಾರೂ ಕೇಳುವುದಿಲ್ಲ. ಸಣ್ಣವರು ಬೇಡ ಎಂದರೆ ಸಿಟ್ಟು ಮಾಡಿಕೊಳ್ಳದವರು ಮಾತ್ರ ಒಂದಾಗೋಣವೇ ಎಂದು ಕೇಳಬೇಕು." ಮೂರು ನಿಮಿಷ. ಒಂದೇ ಒಂದು ಹಿಂದಿ ಶಬ್ದ ಇಲ್ಲ.

ಉತ್ತರ ಕರ್ನಾಟಕದ ಕಡೆಯ ಹಿರಿಯ ತೀರ್ಪುಗಾರರು ಮುಂದೆ ಬಾಗಿದರು. "ಚಂದ ಹೇಳಿದಿ ಮಗಳ. ಹಂಗಾರ ಒಂದಾಗಬೇಕೋ ಬ್ಯಾಡೋ?"

ಇದನ್ನು ನಾನು ಬರೆದುಕೊಟ್ಟಿರಲಿಲ್ಲ.

"ಇಬ್ಬರಿಗೂ ಬೇಕಾದ್ರೆ ಆಗ್ಲಿ ಅಜ್ಜಾ. ಒಬ್ಬರಿಗೇ ಬೇಕಾದ್ರೆ ಅದು ಎಳೆದಾಟ," ಎಂದಳು ಮಗಳು, ಕನ್ನಡದಲ್ಲಿ. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಯಾರೂ ನೋಡಲಿಲ್ಲ ಅಂತ ಭಾವಿಸಿಕೊಂಡಿದ್ದೇನೆ.

ಆಮೇಲೆ ಫಲಿತಾಂಶ. ನಮ್ಮ ಸಂಘದ ತೀರ್ಪುಗಾರರು ಕಾರ್ಯದರ್ಶಿಯ ತಂಗಿಯ ಮಗನಿಗೆ ಮೊದಲ ಸ್ಥಾನ ಕೊಟ್ಟಿದ್ದರು. ಆ ಸಂಘದವರು ನನ್ನ ಮಗಳಿಗೆ ಕೊಟ್ಟಿದ್ದರು. ಇಬ್ಬರು ಅಧ್ಯಕ್ಷರೂ ಕಪ್ ಹಿಡಿದುಕೊಂಡು ಸ್ಟೇಜಿನ ಮೇಲೇ ಜಗಳ ಶುರು ಮಾಡಿದರು.

"ನಮ್ಮ ಸಂಘದ ಮಗುವಿಗೆ ನೀವು ಹೇಗೆ ಬಹುಮಾನ ಕೊಡ್ತೀರಿ? ನಮ್ಮನ್ನು ಕೇಳಿದಿರಾ?" ಎಂದರು ನಮ್ಮ ಅಧ್ಯಕ್ಷರು.

"ಕೂಸು ಛಲೋ ಮಾತಾಡ್ತು, ಕೊಟ್ಟೀವಿ. ನಿಮಗ್ಯಾಕ ಹೊಟ್ಟಿಕಿಚ್ಚು?"

"ಕಪ್ ನಮ್ಮದು!"

"ಮೈಕು ನಮ್ಮದು!" ಎಂದು ಆ ಅಧ್ಯಕ್ಷರು ಮೈಕನ್ನು ಬಂದ್ ಮಾಡಿಸಿದರು. "ಲೈಟು ನಮ್ಮದು!" ಎಂದು ಕಾರ್ಯದರ್ಶಿ ಸ್ವಿಚ್ಚಿನ ಕಡೆ ಓಡಿದರು. ನನ್ನ ಮಗಳು ಇಬ್ಬರ ನಡುವೆ ನಿಂತು ಒಮ್ಮೆ ಆಚೆ, ಒಮ್ಮೆ ಈಚೆ ನೋಡುತ್ತಿದ್ದಳು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇಜು ಹತ್ತಿದೆ. ನನಗೆ ಮೈಕು ಬೇಕಾಗುವುದಿಲ್ಲ. "ಇಬ್ಬರೂ ಬಾಯಿ ಮುಚ್ಚಿ! ಒಂದು ಕಪ್ಪನ್ನು ನಾಲ್ಕು ಕೈಯಲ್ಲಿ ಹಿಡಿಯಲಿಕ್ಕೆ ಬಾರದ ನೀವು ಮಕ್ಕಳ ಹತ್ತಿರ ದೇಶ ಒಂದು ಮಾಡಿಸಲಿಕ್ಕೆ ಹೊರಟಿದ್ದೀರಲ್ಲ, ನಾಚಿಕೆ ಆಗುವುದಿಲ್ವಾ? ರೊಟ್ಟಿ ದೋಸೆಗೆ ಸಂಘ ಒಡೆದವರು ನೀವು! ಮುಂದಿನ ವರ್ಷ ಚಟ್ನಿಗೆ ಮೂರು ಮಾಡ್ತೀರಿ!"

ಸಭೆಯಲ್ಲಿ ಶಿಳ್ಳೆ ಬಿತ್ತು. ಇಬ್ಬರು ಅಧ್ಯಕ್ಷರೂ ಕಪ್ಪನ್ನು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕಕ್ಕೆ ಹೋಗಿ ಪಿಸುಗುಟ್ಟಿದರು. ಒಂದು ಕಾಗದ ತರಿಸಿದರು, ಇವರ ಬೆನ್ನಿನ ಮೇಲೆ ಇಟ್ಟು ಅವರು ಬರೆದರು, ಅವರ ಪೆನ್ನು ತೆಗೆದುಕೊಂಡು ಇವರು ಸಹಿ ಹಾಕಿದರು. ಮೈಕು ಬಂತು. ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಓದಿದರು: ಎರಡೂ ಸಂಘಗಳು ಜಂಟಿಯಾಗಿ, ಒಮ್ಮತದಿಂದ ನಿರ್ಧರಿಸಿದ್ದೇನೆಂದರೆ, ಇನ್ನು ಮುಂದೆ ಯಾವ ಕಾರ್ಯಕ್ರಮದಲ್ಲೂ ಈ ತಾಯಿಯನ್ನು ಸ್ಟೇಜು ಹತ್ತಲು ಬಿಡಕೂಡದು. ಓದಿ ಮುಗಿಸಿ ಕೈ ಕುಲುಕಿದರು. ಫೋಟೋ ತೆಗೆಸಿಕೊಂಡರು. ಎರಡೂ ಕಡೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಗಡಿಬಿಡಿಯಲ್ಲಿ ಮಗಳು ಮೇಜಿನ ಮೇಲಿದ್ದ ಕಪ್ಪನ್ನು ಎತ್ತಿಕೊಂಡು ನನ್ನ ಕೈ ಹಿಡಿದು ಇಳಿದಳು. ಯಾರೂ ತಡೆಯಲಿಲ್ಲ.

ರಿಕ್ಷಾದಲ್ಲಿ ಕೂತ ಮೇಲೆ ಕೇಳಿದಳು, "ಅಮ್ಮಾ, ಅವರು ಒಂದಾದ್ರಾ?"

"ಹೂಂ, ಒಂದಾದ್ರು."

"ಇಷ್ಟು ಬೇಗ ಹೇಗೆ?"

"ನಾನು ಬೈದೆನಲ್ಲ ಮಗಾ. ಎರಡು ದೇಶಕ್ಕೂ ನನ್ನಂಥವಳು ಒಬ್ಬಳು ಸಿಕ್ಕಿದರೆ ಸಾಕು."